ಯಾರದೂ ಅಲ್ಲದ ಮುಖ

ಮದ್ದೂರಿನ ಪೇಟೆಬೀದಿಯಲ್ಲಿ ಚಪ್ಪಲಿ ಅಂಗಡಿಯೊಂದರ ಮೇಲೆ ಫೋಟೋ ಲ್ಯಾಬ್ ಇದೆ. ಕಡಿದಾದ ಮೆಟ್ಟಿಲು ಹತ್ತಿ ಹೋದರೆ ಮೊದಲು ಕೌಂಟರು, ಅದರ ಹಿಂದೆ ಪ್ಲೈವುಡ್ ಅಡ್ಡಗೋಡೆ, ಅದರಾಚೆ ಕಿಟಕಿಯ ಪಕ್ಕದಲ್ಲಿ ಕುಸುಮಳ ಕುರ್ಚಿ. ಮದುವೆಯ ಆಲ್ಬಂ, ನಾಮಕರಣದ ಬ್ಯಾನರು, ಪಾಸ್‌ಪೋರ್ಟ್ ಫೋಟೋ ಇವನ್ನೆಲ್ಲ ಉಳಿದವರು ನೋಡಿಕೊಳ್ಳುತ್ತಾರೆ. ಕುಸುಮಳ ಹತ್ತಿರ ಬರುವುದು ಸತ್ತವರು.

ಅವಳ ತವರು ಬೆಸಗರಹಳ್ಳಿ. ಪಿಯುಸಿ ಮುಗಿಸಿ ಕಂಪ್ಯೂಟರ್ ಕ್ಲಾಸಿಗೆಂದು ದಿನಾ ಬಸ್ಸಿನಲ್ಲಿ ಮದ್ದೂರಿಗೆ ಬರುತ್ತಿದ್ದವಳು ಹಾಗೇ ಈ ಲ್ಯಾಬಿಗೆ ಸೇರಿಕೊಂಡಳು. ಆಗಿನ್ನೂ ಯಜಮಾನ ಸಂಪತ್ ಕುಮಾರ ಅವರ ತಂದೆ ಬದುಕಿದ್ದರು; ಒಳಗಿನ ಕತ್ತಲೆ ಕೋಣೆಯಲ್ಲಿ ಕೆಂಪು ಬಲ್ಬಿನ ಕೆಳಗೆ ಫಿಲಂ ತೊಳೆಯುತ್ತಿದ್ದರು. ಅವರು ಹೋದರು, ಫಿಲಮ್ಮೂ ಹೋಯಿತು. ಕುಸುಮ ಮದುವೆಯಾಗಿ, ಗಂಡ ಜಯಪ್ರಕಾಶನ ಮೋಟಾರ್ ರಿಪೇರಿ ಅಂಗಡಿಯ ಹಿಂದಿನ ಮನೆಗೆ ಬಂದು, ಮಗಳೊಬ್ಬಳನ್ನು ಹೆತ್ತು, ಮತ್ತೆ ಅದೇ ಕುರ್ಚಿಗೆ ವಾಪಸಾದಳು.

ಈ ಕೆಲಸ ಅವಳಿಗೆ ಅಂಟಿಕೊಂಡದ್ದು ಹೀಗೆ. ಸುತ್ತಲಿನ ಹಳ್ಳಿಗಳಲ್ಲಿ ಎಷ್ಟೋ ಜನರ ಒಂದೇ ಒಂದು ಫೋಟೋ ಎಂದರೆ ಸತ್ತ ಮೇಲೆ ಗೋಡೆಗೆ ಒರಗಿಸಿ ಕೂರಿಸಿ ತೆಗೆದದ್ದು. ಹಣೆಯ ಮೇಲೆ ನಾಣ್ಯ, ಮೂಗಿಗೆ ಹತ್ತಿ, ಮುಚ್ಚಿದ ಕಣ್ಣು. ಅಂಥದ್ದೊಂದನ್ನು ಹಿಡಿದು ಬಂದ ಹೆಂಗಸು, "ಕಣ್ಣ ತೆಗ್ದಂಗೆ ಮಾಡ್ಕೊಡಿ" ಎಂದು ಕೇಳಿದಳು. ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಕುಸುಮ ಸತ್ತವನ ತಮ್ಮನನ್ನು ಕರೆಸಿ, ಅವನ ಫೋಟೋ ತೆಗೆದು, ಅದರಿಂದ ಎರಡು ಕಣ್ಣುಗಳನ್ನು ಕತ್ತರಿಸಿ ಅಣ್ಣನ ಮುಖದಲ್ಲಿ ಕೂರಿಸಿದಳು. ಹೆಂಗಸು ಫೋಟೋ ತೆಗೆದುಕೊಂಡು ಹೋದವಳು ಮಾರನೆಯ ದಿನ ವಾಪಸು ಬಂದಳು.

"ಚೆನ್ನಾಗದೆ ಕಣಮ್ಮ. ಆದ್ರೆ ಮನೇಲಿ ಎಲ್ ಕುಂತ್ರೂ ನನ್ನೇ ನೋಡ್ತದೆ. ಒಸಿ ಆಕಡೀಕೆ ನೋಡೋ ಅಂಗೆ ಮಾಡ್ಕೊಡು."

ಕುಸುಮ ಕಣ್ಣಪಾಪೆಗಳನ್ನು ಒಂದು ಎಳ್ಳಿನಷ್ಟು ಪಕ್ಕಕ್ಕೆ ಸರಿಸಿದಳು. ಅಂದಿನಿಂದ ಅವಳು ಕಣ್ಣು ತೆರೆಸಿದ ಯಾರೂ ನೋಡುವವರನ್ನು ನೇರವಾಗಿ ನೋಡುವುದಿಲ್ಲ. ಹೆಗಲಿನಾಚೆ ಯಾರೋ ಬಂದರೆಂಬಂತೆ ನೋಡುತ್ತಾರೆ.

ಸುದ್ದಿ ಹಳ್ಳಿಗಳಿಗೆ ಹಬ್ಬಿತು. ಬಸ್ಸಿನಲ್ಲಿ ಅವಳು ಯಾರನ್ನಾದರೂ ಸ್ವಲ್ಪ ಹೊತ್ತು ನೋಡಿದರೆ, "ಏನ್ ಕಣಮ್ಮ, ನನ್ ಕಣ್ಣಳತೆ ತಕ್ಕತಿದ್ದೀಯಾ?" ಎಂದು ನಗುತ್ತಿದ್ದರು. ನಗುನಗುತ್ತಲೇ ತೊಡೆಯ ಮೇಲಿನ ಮಗುವಿನ ಮುಖಕ್ಕೆ ಸೆರಗು ಎಳೆಯುತ್ತಿದ್ದರು. ಕುಸುಮ ಅದನ್ನು ಮನಸ್ಸಿಗೆ ಹಚ್ಚಿಕೊಂಡವಳಲ್ಲ. ಮನೆಗೆ ಹೋಗಿ ಅನ್ನಕ್ಕಿಡುತ್ತಿದ್ದಳು, ಮಗಳ ಜಡೆ ಬಿಚ್ಚುತ್ತಿದ್ದಳು.

ವರ್ಷಗಳು ಕಳೆದಂತೆ ಅವಳ ಬಳಿ ಕಣ್ಣುಗಳ ರಾಶಿಯೇ ಆಯಿತು. ಬಳಸಿದ ಪ್ರತಿಯೊಂದು ಜೊತೆಯನ್ನೂ 'ಕಣ್ಣು' ಎಂಬ ಫೋಲ್ಡರಿನಲ್ಲಿ ಇಡುತ್ತಿದ್ದಳು. ಪೊರೆ ಬಂದ ಮುದುಕರ ಕಣ್ಣು, ಬಾಣಂತಿಯ ನಿದ್ದೆಗೆಟ್ಟ ಕಣ್ಣು, ಒಂದಿಷ್ಟು ಮೆಳ್ಳೆಗಣ್ಣು. ತೆರೆದರೆ ಪರದೆಯ ತುಂಬ ಸಾಲುಸಾಲಾಗಿ ಮುಖವಿಲ್ಲದ ಕಣ್ಣುಗಳು. ಲ್ಯಾಬಿಗೆ ಹೊಸದಾಗಿ ಸೇರಿದವರು ಅತ್ತ ನೋಡದೆ ಹಾದುಹೋಗುತ್ತಿದ್ದರು.

ಈ ಫೋಟೋಗಳೆಲ್ಲ ಇದ್ದದ್ದು ಹಳೆಯ ಕತ್ತಲೆ ಕೋಣೆಯಲ್ಲಿ. ಕಿಟಕಿಯಿಲ್ಲದ, ತಣ್ಣಗಿರುವ ಆ ಜಾಗದಲ್ಲೇ ಸಂಪತ್ ಕುಮಾರ ಸರ್ವರ್ ಇಡಿಸಿದ್ದರು. ಲ್ಯಾಬಿನ ಎಲ್ಲ ಕಂಪ್ಯೂಟರುಗಳೂ ಅದರಿಂದಲೇ ಫೋಟೋ ತೆಗೆದುಕೊಂಡು ಅದರಲ್ಲೇ ಇಡಬೇಕು. ಊರಿಗೊಂದು ಫೋಲ್ಡರು: ಇಂಗ್ಲಿಷ್ ಅಕ್ಷರದ ಸಾಲಿನಲ್ಲಿ ಮೊದಲು ಬೆಸಗರಹಳ್ಳಿ, ಆಮೇಲೆ ಹಲಗೂರು, ಆಮೇಲೆ ಕಣ್ಣು, ಆಮೇಲೆ ಮದ್ದೂರು, ಮಳವಳ್ಳಿ, ಮಂಡ್ಯ.

ಈಗ ಹೇಳುತ್ತಿರುವುದು ನಡೆದ ವರ್ಷ, ಮಹಾಲಯ ಅಮಾವಾಸ್ಯೆ ಹತ್ತಿರ ಬಂದಿತ್ತು. ಅಂದು ಮನೆಮನೆಯಲ್ಲೂ ಹಿರಿಯರ ಫೋಟೋ ಒರೆಸಿಟ್ಟು, ಹೊಸ ಬಟ್ಟೆ ಮಡಚಿಟ್ಟು, ಅವರು ಇಷ್ಟಪಡುತ್ತಿದ್ದ ಅಡುಗೆಯನ್ನು ಎಲೆಯ ತುಂಬ ಬಡಿಸಿ ಎಡೆ ಇಡುತ್ತಾರೆ. ಆ ವರ್ಷ ಸತ್ತವರಿಗೆ ಹೊಸ ಫೋಟೋ ಆಗಬೇಕು. ಹಾಗಾಗಿ ಕುಸುಮಳಿಗೆ ಊಟಕ್ಕೂ ಬಿಡುವಿರಲಿಲ್ಲ.

ಆ ದಿನಗಳಲ್ಲಿ ಲ್ಯಾಬಿನಲ್ಲಿ ಸಣ್ಣಪುಟ್ಟ ವಿಚಿತ್ರಗಳು ಕಾಣಿಸಿಕೊಂಡಿದ್ದವು. ಕೌಂಟರಿನ ಪ್ರಿಯಾಂಕ ಹೆರಿಗೆಗೆಂದು ಮಳವಳ್ಳಿಯ ತವರಿಗೆ ಹೋಗಿ ಎರಡು ತಿಂಗಳಾಗಿತ್ತು. ಅವಳ ಕಂಪ್ಯೂಟರಿಗೆ ಬಟ್ಟೆ ಹೊದಿಸಿದ್ದರು. ಒಂದು ಬೆಳಿಗ್ಗೆ ಆ ಬಟ್ಟೆಯ ಕೆಳಗೆ ಅದು ಬೆಚ್ಚಗಿತ್ತು. ಕಸ ಗುಡಿಸುವವರು ಗುಂಡಿ ಒತ್ತಿರಬೇಕು ಎಂದುಕೊಂಡರು. ಎಲ್ಲರೂ ಊಟಕ್ಕೆ ಎದ್ದಿದ್ದ ಹೊತ್ತಿನಲ್ಲಿ ಕತ್ತಲೆ ಕೋಣೆಯ ಸರ್ವರಿನ ಹಸಿರು ದೀಪ ಪಟಪಟನೆ ಮಿನುಗುತ್ತಿದ್ದುದನ್ನು ಕುಸುಮ ಒಮ್ಮೆ ನೋಡಿದ್ದಳು. ಯಾರೂ ಏನೂ ಕೇಳದಿರುವಾಗ ಇದು ಯಾರಿಗೆ ಉತ್ತರ ಕೊಡುತ್ತಿದೆ ಎಂದು ಅವಳಿಗೆ ಅನ್ನಿಸಿತ್ತು. ಆಮೇಲೆ ಕೆಲಸದಲ್ಲಿ ಮರೆತಳು.

ಅಮಾವಾಸ್ಯೆಗೆ ಇನ್ನೂ ನಾಲ್ಕಾರು ದಿನ ಇರುವಾಗ ಬೆಸಗರಹಳ್ಳಿಯ ಸಿದ್ದರಾಜು ಬಂದ. ಊರಿನ ಹಾಲಿನ ಡೇರಿಯಲ್ಲಿ ಕೆಲಸ ಮಾಡುವವನು. ಮಳೆಗಾಲದಲ್ಲಿ ಅವನ ಅಪ್ಪ ತೀರಿಕೊಂಡಿದ್ದರು. ಅಪ್ಪನದೆಂದು ಇದ್ದದ್ದು ಒಂದೇ ಫೋಟೋ. ಯಾರದೋ ಬೀಗರ ಔತಣದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಾಗ ಸಿದ್ದರಾಜುವೇ ಫೋನಿನಲ್ಲಿ ತೆಗೆದದ್ದು, ಸರಿಯಾಗಿ ಕಣ್ಣು ಮಿಟುಕಿಸುವ ಹೊತ್ತಿಗೆ. ಅದನ್ನು ಲ್ಯಾಬಿಗೆ ಕಳಿಸಿದ ಮರುವಾರ ಆ ಫೋನು ನಾಲೆಗೆ ಬಿದ್ದು ಹೋಗಿತ್ತು. ಕುಸುಮ ಅವನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಅವನ ಕಣ್ಣಿನ ಫೋಟೋ ತೆಗೆದುಕೊಂಡಳು. ಹೊರಗೆ ಮೋಡ ಕಟ್ಟಿಕೊಂಡು ಮಧ್ಯಾಹ್ನವೇ ಮಬ್ಬಾಗಿತ್ತು. ಉಳಿದಿಬ್ಬರು ಕೆಲಸಗಾರರು ಊಟಕ್ಕೆ ಹೋಗಿದ್ದರು. ಸಿದ್ದರಾಜು ಸ್ಟೂಲು ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತ.

ರೆಪ್ಪೆಯ ಅಂಚು ಕೂಡಿಸಿ, ಕಣ್ಣ ಕೆಳಗಿನ ನೆರಳು ಎಳೆದು ಮುಗಿಸಿದಾಗ ಅಪ್ಪ ಕಣ್ಣು ಬಿಟ್ಟಿದ್ದರು. ತನ್ನದೇ ಕಣ್ಣುಗಳು ಅಪ್ಪನ ಮುಖದಿಂದ ಪಕ್ಕಕ್ಕೆ ನೋಡುತ್ತಿದ್ದವು.

ಕುಸುಮ ಸೇವ್ ಒತ್ತಿದಳು. ಅಂಥ ಫೈಲೇ ಇಲ್ಲ ಎಂದಿತು. ಮತ್ತೆ ಒತ್ತಿದಳು. ಮತ್ತೆ ಅದೇ.

ಫೋಲ್ಡರು ತೆರೆದು ನೋಡಿದಳು. ಬೆಸಗರಹಳ್ಳಿಯ ಸತ್ತವರ ಪುಟ್ಟ ಮುಖಗಳು ಸಾಲಾಗಿ ಕಾಣಬೇಕಾದ ಜಾಗದಲ್ಲಿ ಬಿಳಿ ಹಾಳೆಯ ಗುರುತುಗಳಿದ್ದವು. ಪ್ರತಿ ಹೆಸರಿನ ಹಿಂದೆಯೂ ಅರ್ಥವಿಲ್ಲದ ಅಕ್ಷರಗಳ ಒಂದೇ ಬಾಲ. ತನ್ನ ಕಂಪ್ಯೂಟರು ಸಿಕ್ಕಿಹಾಕಿಕೊಂಡಿದೆ ಎಂದುಕೊಂಡಳು. ಅದಕ್ಕೆ ಅವಳಿಗೆ ಗೊತ್ತಿದ್ದ ಮದ್ದು ಒಂದೇ. ರೀಸ್ಟಾರ್ಟ್ ಮಾಡಿದಳು. ತೆರೆಯ ಮೇಲಿದ್ದ ಅಪ್ಪನ ಮುಖ ಕಪ್ಪಾಯಿತು.

ಕಂಪ್ಯೂಟರು ಮತ್ತೆ ಎದ್ದಾಗ ಬೆಸಗರಹಳ್ಳಿ ಬಿಳಿಯಾಗಿಯೇ ಇತ್ತು. ಹಲಗೂರು ತೆರೆದಳು. ಅದೂ ಬಿಳಿ. ಕಣ್ಣು ತೆರೆದಳು.

ಕಣ್ಣುಗಳು ಇದ್ದವು. ಅವಳಿಗೆ ಉಸಿರು ಬಂದಂತಾಯಿತು. ಆದರೆ ನೋಡುತ್ತಿದ್ದಂತೆ ಮೇಲಿನ ಸಾಲಿನ ಮೊದಲ ಜೊತೆ ಬಿಳಿಯಾಯಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು. ಅವಸರವಿಲ್ಲದೆ, ಒಂದನ್ನೂ ಬಿಡದೆ, ಎಡದಿಂದ ಬಲಕ್ಕೆ. ಅವಳ ಕೈ ಮೌಸಿನ ಮೇಲೆ ಇರಲಿಲ್ಲ.

ಸಿದ್ದರಾಜು ಪರದೆಗೆ ಬಗ್ಗಿ ಮೆಲ್ಲಗೆ ಕೇಳಿದ: "ಯಾರ್ ಕಣಮ್ಮ ಮುಚ್ತಾ ಇರಾದು?"

ಕುಸುಮ ಸಂಪತ್ ಕುಮಾರರಿಗೆ ಫೋನು ಮಾಡಿದಳು. ಅವರು ಮಂಡ್ಯದಲ್ಲಿದ್ದರು. ಅವಳು ಹೇಳಿದ್ದು ಅವರಿಗೆ ಅರ್ಧವೇ ಅರ್ಥವಾಯಿತು. ಆದರೂ ಹೋದ ವರ್ಷ ಲ್ಯಾಬಿನ ಕೇಬಲ್ಲುಗಳನ್ನೆಲ್ಲ ಎಳೆದುಕೊಟ್ಟಿದ್ದ ದೀಪಿಕಳಿಗೆ ಕೂಡಲೇ ತಿಳಿಸಿದರು. ದೀಪಿಕ ಮಂಡ್ಯದಲ್ಲಿ ಕಂಪ್ಯೂಟರ್ ನೆಟ್‌ವರ್ಕಿನ ಕೆಲಸ ಮಾಡಿಕೊಂಡಿರುವ ಹುಡುಗಿ. ಅವಳೇ ಕುಸುಮಳಿಗೆ ಫೋನು ಮಾಡಿದಳು.

"ಕುಸುಮಕ್ಕಾ, ನೋಡ್ತಾ ಕೂತ್ಕೋಬೇಡಿ. ಕತ್ತಲೆ ಕೋಣೆಗೆ ಹೋಗಿ. ಸರ್ವರ್ ಹಿಂದ್ಗಡೆ ನೀಲಿ ಕೇಬಲ್ ಇದೆ. ಅದನ್ನ ಕಿತ್ಬಿಡಿ."

"ಆಫ್ ಮಾಡ್ಬುಡ್ಲಾ?"

"ಬೇಡ. ಪವರ್ ಮುಟ್ಬೇಡಿ. ಏನು ನಡೀತು ಅಂತ ಆಮೇಲೆ ನಾನು ನೋಡ್ಬೇಕು. ಕೇಬಲ್ ಮಾತ್ರ."

ಕತ್ತಲೆ ಕೋಣೆಯಲ್ಲಿ ಇಂದಿಗೂ ಇರುವುದು ಆ ಕೆಂಪು ಬಲ್ಬೇ. ಕುಸುಮ ಸ್ವಿಚ್ಚು ಹಾಕಿದಳು. ಮೂಲೆಯಲ್ಲಿ ಸರ್ವರಿನ ದೀಪ ಮಿನುಗುತ್ತಿತ್ತು ಎನ್ನುವಂತಿಲ್ಲ, ಅದು ಆರುವುದನ್ನೇ ಮರೆತಿತ್ತು. ಗೋಡೆಗೂ ಪೆಟ್ಟಿಗೆಗೂ ನಡುವೆ ಕೈ ತೂರಿಸಿ ಕೇಬಲ್ ಹಿಡಿದಳು. ಅದರ ಕೊಂಡಿ ಬಿಡಲಿಲ್ಲ. ಉಗುರು ಮುರಿಯುವಂತೆ ಒತ್ತಿ ಎಳೆದಳು. ಕೇಬಲ್ ಕೈಗೆ ಬಂತು. ದೀಪ ಒಮ್ಮೆ ಮಿನುಗಿತು, ಸ್ವಲ್ಪ ಬಿಟ್ಟು ಇನ್ನೊಮ್ಮೆ. ಆಮೇಲೆ ನಿಂತಿತು. ಅಷ್ಟು ದಿನ ಕೇಳಿಸದಿದ್ದ ಕೆಳಗಿನ ಚಪ್ಪಲಿ ಅಂಗಡಿಯ ರೇಡಿಯೋ ಅವಳಿಗೆ ಕೇಳಿಸಿತು.

"ನಿಂತ್ಕತು" ಎಂದಳು.

"ಸರಿ. ಈಗ ಹೊರಗಿನ ಕಂಪ್ಯೂಟರ್‌ಗಳ ಕೇಬಲ್ಲೂ ಕೀಳಿ. ಯಾವುದಾದ್ರೂ ಒಂದರ ಫ್ಯಾನ್ ಜೋರಾಗಿ ಓಡ್ತಾ ಇದ್ಯಾ ನೋಡಿ."

ನೋಡಬೇಕಾಗಲಿಲ್ಲ. ಕೌಂಟರಿನಿಂದ ಸದ್ದು ಬರುತ್ತಿತ್ತು. ಪ್ರಿಯಾಂಕಳ ಕುರ್ಚಿ ಮೇಜಿನ ಕೆಳಕ್ಕೆ ತಳ್ಳಿದಂತೆಯೇ ಇತ್ತು. ಹೊದಿಸಿದ ಬಟ್ಟೆಯೂ ಹಾಗೇ ಇತ್ತು. ಅದರ ಕೆಳಗೆ ಕಂಪ್ಯೂಟರು ಏದುಸಿರು ಬಿಡುತ್ತಿತ್ತು. ಕೈ ಇಟ್ಟರೆ ಜ್ವರ ಬಂದ ಮೈಯಂತೆ ಸುಡುತ್ತಿತ್ತು.

ದೀಪಿಕ ಬಂದಾಗ ಮಳೆ ಹಿಡಿದಿತ್ತು. ನೆನೆದ ಬ್ಯಾಗನ್ನು ನೆಲಕ್ಕಿಟ್ಟು ನೇರವಾಗಿ ಕತ್ತಲೆ ಕೋಣೆಗೆ ಹೋದಳು. ಬಿಳಿಯಾದ ಪ್ರತಿ ಫೋಲ್ಡರಿನಲ್ಲೂ ಒಂದು ಪುಟ್ಟ ಬರಹ ಇಟ್ಟುಹೋಗಿದ್ದರು. ಇಂಗ್ಲಿಷಿನಲ್ಲಿದ್ದ ಅದನ್ನು ಅವಳು ಕುಸುಮಳಿಗೆ ಕನ್ನಡದಲ್ಲಿ ಓದಿ ಹೇಳಿದಳು: ಹೆದರಬೇಡಿ. ನಿಮ್ಮವೆಲ್ಲ ಸುರಕ್ಷಿತವಾಗಿವೆ. ಅವು ಎಲ್ಲಿಗೂ ಹೋಗಿಲ್ಲ, ಇದ್ದಲ್ಲೇ ಇವೆ. ನಿಮಗೆ ಕಾಣುವುದಿಲ್ಲ, ಅಷ್ಟೆ. ಅದರ ಕೆಳಗೆ ಕಾಣುವಂತೆ ಮಾಡಲು ಎಷ್ಟು ಕೊಡಬೇಕು, ಎಲ್ಲಿಗೆ ಬರೆಯಬೇಕು ಎಂದಿತ್ತು.

"ರ‍್ಯಾನ್ಸಮ್‌ವೇರ್" ಎಂದಳು ದೀಪಿಕ. "ಒಳಗೆ ಬಂದು ಎಲ್ಲಕ್ಕೂ ಬೀಗ ಹಾಕ್ತಾರೆ. ಕೀಲಿಕೈ ಅವರ ಹತ್ರ ಇರುತ್ತೆ."

ಬೀಗ ಬಿದ್ದ ಪ್ರತಿ ಫೈಲಿಗೂ ಕಡೆಯದಾಗಿ ಕೈ ಹಾಕಿದವರು ಯಾರು ಎಂದು ಸರ್ವರು ಬರೆದುಕೊಂಡಿತ್ತು. ಎಲ್ಲದರ ಮುಂದೆಯೂ ಒಂದೇ ಹೆಸರು: ಪ್ರಿಯಾಂಕ. ಕುಸುಮ ಮಳವಳ್ಳಿಗೆ ಫೋನು ಮಾಡಿದಳು. ಹಿಂದೆ ಮಗು ಅಳುತ್ತಿತ್ತು.

"ಅಕ್ಕಾ, ಪಾಪೂಗೆ ನೀರುಯ್ತಾವ್ರೆ. ನಾನ್ಯಾವ ಕಂಪ್ಯೂಟ್ರು ಮುಟ್ಲಿ, ಮಂಚದಿಂದ ಇಳ್ಯಾಕೇ ಬುಡಾಕಿಲ್ಲ ಅವ್ವ."

ಅವಳ ಹೆಸರನ್ನು ಹೊತ್ತುಕೊಂಡು ಬೇರೆ ಯಾರೋ ಒಳಗಿದ್ದರು. ಆಲ್ಬಂ ಸಾಫ್ಟ್‌ವೇರ್ ರಿಪೇರಿಗೆಂದು ಹಿಂದೊಮ್ಮೆ ಆ ಕಂಪ್ಯೂಟರಿಗೆ ದೂರದಿಂದಲೇ ಕೈ ಹಾಕುವ ದಾರಿ ಮಾಡಿಟ್ಟಿದ್ದರು. ಆ ದಾರಿಯನ್ನು ಯಾರೂ ಮುಚ್ಚಿರಲಿಲ್ಲ, ಪಾಸ್‌ವರ್ಡೂ ಅವಳ ಹೆಸರೇ ಆಗಿತ್ತು. ಬಂದವರು ವಾರಗಳ ಹಿಂದೆಯೇ ಬಂದಿದ್ದರು ಎಂದು ದೀಪಿಕ ಸಂಜೆಯ ಹೊತ್ತಿಗೆ ಕಂಡುಕೊಂಡಳು.

"ವಾರಗಟ್ಲೆ ಏನ್ ಮಾಡ್ತಿದ್ರು?"

"ಓಡಾಡಿಕೊಂಡಿದ್ರು. ಎಲ್ಲೆಲ್ಲಿ ಏನೇನಿದೆ ಅಂತ." ದೀಪಿಕ ತಡೆದು ಹೇಳಿದಳು: "ಫೋಟೋಗಳನ್ನ ತೆಗೆದೂ ನೋಡಿದ್ದಾರೆ. ಜಾಸ್ತಿ ನೋಡಿರೋದು ಆ ಕಣ್ಣಿನ ಫೋಲ್ಡರ್. ಎಷ್ಟೋ ಸಲ ತೆಗೆದಿದ್ದಾರೆ."

ಕುಸುಮ ಮನೆಗೆ ಹೋಗಿ ಗಂಡನಿಗೆ ಇಷ್ಟನ್ನೂ ಹೇಳಿದಳು, ಕಡೆಯ ಮಾತೊಂದನ್ನು ಬಿಟ್ಟು. ಯಾವ ದೇಶದಲ್ಲೋ ಕೂತ ಒಬ್ಬ, ಗೊತ್ತಿಲ್ಲದ ಊರುಗಳ ಜನರ ಕಣ್ಣುಗಳನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದಾನೆ. ಏಕೆ ನೋಡಿದ ಎಂಬುದು ಅವಳಿಗೆ ಹೊಳೆಯಲಿಲ್ಲ. ಅವನು ನೋಡಿದ್ದರಲ್ಲಿ ಅವಳ ಮಗಳ ಕಣ್ಣುಗಳೂ ಇದ್ದವು. ಸತ್ತ ಅತ್ತೆಗೆಂದು ತೆಗೆದುಕೊಂಡಿದ್ದು.

ಸಂಪತ್ ಕುಮಾರ ಆ ಬರಹಕ್ಕೆ ಉತ್ತರ ಬರೆಯಲಿಲ್ಲ. ಮಂಡ್ಯಕ್ಕೆ ಹೋಗಿ ಸೈಬರ್ ಪೊಲೀಸರಿಗೆ ದೂರು ಕೊಟ್ಟರು. ಸರ್ವರಿಗೇ ಸಿಕ್ಕಿಸಿಟ್ಟಿದ್ದ ಬ್ಯಾಕಪ್ ಡಿಸ್ಕಿಗೂ ಬೀಗ ಬಿದ್ದಿತ್ತು. ಆದರೆ ಹಿಂದಿನ ದೀಪಾವಳಿಯಲ್ಲಿ ಎಸಿ ಕೆಟ್ಟು ಸರ್ವರು ಸುಟ್ಟುಹೋದೀತೆಂಬ ಭಯಕ್ಕೆ ಮಾಡಿಸಿಟ್ಟಿದ್ದ ಒಂದು ಡಿಸ್ಕು ಅವರ ತಾಯಿ ಸರಸಮ್ಮನವರ ಬೀರುವಿನಲ್ಲಿ, ಸೀರೆಗಳ ನಡುವೆ ಇತ್ತು. ದೀಪಿಕ ಎಲ್ಲವನ್ನೂ ಅಳಿಸಿ, ಹೊಸದಾಗಿ ಕಟ್ಟಿ, ಅದರಿಂದ ಹಳೆಯದನ್ನು ವಾಪಸು ತುಂಬಿದಳು. ಮದ್ದೂರು, ಮಳವಳ್ಳಿ, ಮಂಡ್ಯಕ್ಕೆ ಕೈ ಬೀಳುವ ಮೊದಲೇ ಕೇಬಲ್ ಕಿತ್ತಾಗಿತ್ತು. ದೀಪಾವಳಿಗೆ ಮುಂಚೆ ಸತ್ತವರೆಲ್ಲ ಸಿಕ್ಕಿದರು. ಬೆಸಗರಹಳ್ಳಿ ಮತ್ತು ಹಲಗೂರಿನ ಕಡೆ ಆ ವರ್ಷ ಸತ್ತವರು ಮಾತ್ರ ಸಿಗಲಿಲ್ಲ. ಎಡೆ ಇಡಬೇಕಾದದ್ದು ಅವರಿಗೇ.

"ಒಂದು ಪ್ರಯತ್ನ ಮಾಡ್ತೀನಿ" ಎಂದಳು ದೀಪಿಕ. "ಬೇಗ ಮುಗೀಲಿ ಅಂತ ಇವರು ಪೂರ್ತಿ ಫೈಲಿಗೆ ಬೀಗ ಹಾಕಿಲ್ಲ. ಮೊದಲ ಭಾಗಕ್ಕೆ ಮಾತ್ರ ಹಾಕಿದ್ದಾರೆ. ಉಳಿದದ್ದು ಹಾಗೇ ಇರುತ್ತೆ."

ಎರಡು ದಿನ ಕೂತು ಅವಳು ಒಂದಿಷ್ಟನ್ನು ಹೊರಗೆ ತೆಗೆದಳು. ಪ್ರಿಂಟು ಹಾಕಿ ಮೇಜಿನ ಮೇಲೆ ಹರಡಿದಾಗ ಕುಸುಮ ಅವನ್ನು ಒಂದೊಂದಾಗಿ ನೋಡಿದಳು. ಫೋಟೋದ ಮೊದಲ ಭಾಗವೆಂದರೆ ಮೇಲಿನ ಭಾಗ. ಅದೆಲ್ಲ ಬೂದಿ ಬಣ್ಣವಾಗಿತ್ತು. ಕೆಳಗೆ ಎಲ್ಲವೂ ಸ್ಪಷ್ಟ. ಮಡಿಲಲ್ಲಿ ಬಳೆಯ ಕೈಗಳು, ಊರುಗೋಲು ಹಿಡಿದ ಕೈ, ಬರಿಗಾಲು, ಸೀರೆಯ ನೆರಿಗೆ, ಯಾರದೋ ಪಕ್ಕದಲ್ಲಿ ಮಲಗಿದ ನಾಯಿ. ಒಬ್ಬರಿಗೂ ತಲೆಯಿರಲಿಲ್ಲ.

ಸಿದ್ದರಾಜು ಬಂದಾಗ ಅವನದನ್ನು ಮುಂದಿಟ್ಟಳು. ಬಿಳಿ ಪಂಚೆ, ಎರಡು ಮಂಡಿ, ಮಂಡಿಗಳ ಮೇಲೆ ಊರಿದ ಎರಡು ಕೈ. ಎದೆಯಿಂದ ಮೇಲೆ ಬೂದಿ.

"ನಾನ್ ಅವತ್ತು ರೀಸ್ಟಾರ್ಟ್ ಮಾಡ್ದೆ ಇದ್ದಿದ್ರೆ ಉಳೀತಿತ್ತು" ಎಂದಳು ಕುಸುಮ. "ತೆರೆ ಮೇಲೆ ಇತ್ತಲ್ಲ, ಅದ ಬೇರೆ ಕಡೆ ಇಟ್ಕಬೋದಾಗಿತ್ತಂತೆ. ನಂಗೊತ್ತಾಗ್ನಿಲ್ಲ."

ಸಿದ್ದರಾಜು ಫೋಟೋದಿಂದ ಕಣ್ಣು ತೆಗೆಯಲಿಲ್ಲ. "ನಾನೂ ಪಕ್ದಲ್ಲೇ ಕುಂತಿದ್ನಲ್ಲ. ನಂಗೂ ಗೊತ್ತಾಗ್ನಿಲ್ಲ."

"ಮೊಕ ನಾನ್ ಮಾಡ್ಕೊಡ್ತೀನಿ. ಅವರಣ್ಣ ತಮ್ಮಂದ್ರ ಫೋಟೋ ತನ್ನಿ. ನೀವ್ ಪಕ್ದಲ್ಲಿ ಕುಂತು ಎಂಗಿತ್ತು ಅಂತ ಏಳ್ತಾ ಓಗಿ."

ಅವನು ತಲೆ ಅಲ್ಲಾಡಿಸಿದ. "ಬ್ಯಾಡ ಬುಡಿ. ನೀವ್ ಮಾಡುದ್ರೆ ಚೆನ್ನಾಗೇ ಬತ್ತದೆ. ಆಮೇಕೆ ಅಪ್ಪನ ಮೊಕ ಯಾವ್ದು, ನೀವ್ ಮಾಡಿದ್ಯಾವ್ದು ಅಂತ ನಂಗೇ ಮರ್ತೋಯ್ತದೆ." ಬೆರಳಿನಿಂದ ಫೋಟೋದಲ್ಲಿನ ಬಲಗೈಯನ್ನು ಮುಟ್ಟಿದ, ಕಿರುಬೆರಳು ಸೊಟ್ಟಗಿತ್ತು. "ಇದು ಅಪ್ಪನೇಯಾ. ಇದ್ಕೇ ಕಟ್ಟಾಕ್ಸಿ."

ಅಮಾವಾಸ್ಯೆಯ ದಿನ ಬೆಸಗರಹಳ್ಳಿಯ ಆ ಮನೆಯಲ್ಲಿ ಮುಖವಿಲ್ಲದ ಫೋಟೋದ ಮುಂದೆ ಎಲೆ ಹಾಕಿದರು. ಎಡೆ ಇಟ್ಟು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತರು. ಹಾರಕ್ಕೆ ಜಾಗ ಯಾವುದೆಂದು ತಿಳಿಯದೆ ಸಿದ್ದರಾಜುವಿನ ಹೆಂಡತಿ ಅದನ್ನು ಕೈಗಳ ಬಳಿ ಇಟ್ಟಿದ್ದಳಂತೆ. ತವರಿಗೆಂದು ಹೋಗಿದ್ದ ಕುಸುಮಳಿಗೆ ಇದನ್ನು ಯಾರೋ ಹೇಳಿದರು. ಅವಳು ಆ ಮನೆಯ ಕಡೆ ಹೋಗಲಿಲ್ಲ.

ಹಬ್ಬ ಕಳೆದ ಮೇಲೆ ದೀಪಿಕ ಮತ್ತೆ ಬಂದಳು. ದೂರದಿಂದ ಬರುವ ದಾರಿ ಮುಚ್ಚಿದ್ದಾಗಿತ್ತು, ಪಾಸ್‌ವರ್ಡು ಬದಲಾಯಿಸಿದ್ದಾಗಿತ್ತು, ಬ್ಯಾಕಪ್ ಡಿಸ್ಕನ್ನು ಕೆಲಸ ಮುಗಿದೊಡನೆ ಕಿತ್ತು ಸರಸಮ್ಮನವರ ಬೀರುವಿಗೆ ಕಳಿಸುವ ಏರ್ಪಾಡೂ ಆಗಿತ್ತು. ಇನ್ನೊಂದು ಬಾಕಿಯಿದೆ ಎಂದಳು.

"ಕಾವಲು ಇಡಬೇಕು. ಎಲ್ಲಾ ಫೋಲ್ಡರ್‌ಗಿಂತ ಮೊದಲು ಬರೋ ಹಾಗೆ ಒಂದು ಫೋಲ್ಡರ್. ಅದರಲ್ಲಿ ಒಂದಿಷ್ಟು ಫೋಟೋ. ಬೀಗ ಹಾಕೋರು ಮೊದಲು ಅದನ್ನೇ ಮುಟ್ತಾರೆ. ಮುಟ್ಟಿದ ತಕ್ಷಣ ನನ್ನ ಫೋನಿಗೆ ಗೊತ್ತಾಗುತ್ತೆ."

"ಯಾರ್ ಫೋಟೋ ಇಡಾದು?"

"ಯಾರದ್ದಾದ್ರೂ. ಆದ್ರೆ ಲ್ಯಾಬಿನಲ್ಲಿ ಯಾರೂ ಅದನ್ನ ತೆಗೆಯೋ ಅಗತ್ಯ ಇರಬಾರದು. ತೆಗೆದ್ರು ಅಂದ್ರೆ ಅವರು ನಮ್ಮೋರಲ್ಲ ಅಂತಲೇ ಅರ್ಥ."

ಕುಸುಮ ಅಂದೆಲ್ಲ ಫೋಲ್ಡರುಗಳನ್ನು ತಡಕಿದಳು. ಬದುಕಿದವರನ್ನು ಬಾಗಿಲಿಗೆ ನಿಲ್ಲಿಸಲು ಅವಳಿಗೆ ಮನಸ್ಸಾಗಲಿಲ್ಲ. ಸತ್ತವರನ್ನು ನಿಲ್ಲಿಸಲು ಇನ್ನೂ ಆಗಲಿಲ್ಲ. ಕೊನೆಗೆ, ಯಾರೂ ಅಲ್ಲದವರನ್ನು ಮಾಡೋಣ ಎಂದುಕೊಂಡಳು. ಮಂಡ್ಯದ ಒಬ್ಬನ ಹಣೆ, ಮಳವಳ್ಳಿಯವನ ಮೂಗು, ಯಾರದೋ ತುಟಿ, ಮತ್ಯಾರದೋ ಗದ್ದ. ಪದರದ ಮೇಲೆ ಪದರ ಕೂಡಿಸಿದಳು. ಇಷ್ಟು ವರ್ಷ ಅವಳು ಕೂರಿಸಿದ ಪ್ರತಿ ಕಣ್ಣಿಗೂ ಅತ್ತ ಒಂದು ಮನೆಯಲ್ಲಿ ಕಾಯುವವರಿದ್ದರು. ಈ ಮುಖಕ್ಕೆ ಕಾಯುವವರು ಯಾರೂ ಇರಲಿಲ್ಲ. ಸಂಜೆಯ ಹೊತ್ತಿಗೆ ಒಬ್ಬ ಗಂಡಸು ತಯಾರಾದ. ಮೂವತ್ತರ ಒಳಗಿನವನು, ತೆಳು ಮೀಸೆ, ಸ್ವಲ್ಪ ಹೊರಚಾಚಿದ ಕಿವಿ. ಎಲ್ಲರಂತೆ ಪಕ್ಕಕ್ಕೆ ನೋಡುತ್ತಿದ್ದ. ಇನ್ನೂ ನಾಲ್ಕೈದು ಜನರನ್ನು ಹಾಗೆಯೇ ಮಾಡಿ ಕಾವಲಿನ ಫೋಲ್ಡರಿಗೆ ಹಾಕಿದಳು.

ಆದರೆ ಆ ಮೊದಲನೆಯವನು ಅವಳನ್ನು ಬಿಡಲಿಲ್ಲ. ಅವನ ಕಿವಿಯ ಅಂಚಿನಲ್ಲಿ ಕತ್ತರಿಸಿದ ಗೆರೆ ಉಳಿದುಬಿಟ್ಟಿದೆ ಎಂದು ಅಡುಗೆ ಮಾಡುವಾಗ ನೆನಪಾಗುತ್ತಿತ್ತು, ಬಸ್ಸಿಗೆ ಕಾಯುವಾಗ ನೆನಪಾಗುತ್ತಿತ್ತು. ತೆಗೆಯಬಾರದೆಂದು ಗೊತ್ತಿತ್ತು. ಕಾರ್ತಿಕದ ಒಂದು ಬೆಳಿಗ್ಗೆ, ಅಂಚು ಸರಿಮಾಡಿ ಮುಚ್ಚಿಬಿಡುತ್ತೇನೆ ಎಂದುಕೊಂಡು ತೆಗೆದಳು.

"ಇವ ಎಲ್ ಸಿಕ್ಕುದ್ನವ್ವ ನಿಂಗೆ?"

ಕುಸುಮ ಬೆಚ್ಚಿ ತಿರುಗಿದಳು. ಅಡ್ಡಗೋಡೆಯ ಪಕ್ಕದಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಪಿಂಚಣಿಯ ಅರ್ಜಿಗೆ ಸಣ್ಣ ಫೋಟೋ ತೆಗೆಸಲು ಹಲಗೂರಿನ ಹತ್ತಿರದ ಹಳ್ಳಿಯಿಂದ ಬಂದಿದ್ದ ಸಣ್ಣತಾಯಮ್ಮ. ಬೇಗ ಕರೆಯಲಿಲ್ಲವೆಂದು ತಾನೇ ಒಳಗೆ ಬಂದಿದ್ದಳು. ಅವಳು ನೋಡುತ್ತಿದ್ದುದು ತೆರೆಯನ್ನು.

"ಯಾರು ಸಿಕ್ಕಿದ್ದು ಅಜ್ಜಿ?"

"ನಮ್ ಕೆಂಪಸಿದ್ದಯ್ಯ."

ಕೆಂಪಸಿದ್ದಯ್ಯ ಅವಳ ಗಂಡ. ಮದುವೆಯಾಗಿ ವರ್ಷ ತುಂಬುವುದರೊಳಗೆ, ಶಿಂಷಾ ತುಂಬಿ ಹರಿಯುತ್ತಿದ್ದಾಗ ಎತ್ತು ಹಿಡಿಯಲು ಇಳಿದು ಹೋದವನು. ಮೈ ಸಿಗಲಿಲ್ಲ. ಆ ಕಾಲಕ್ಕೆ ಅವರ ಹಳ್ಳಿಯಲ್ಲಿ ಫೋಟೋ ತೆಗೆಸಿಕೊಂಡವರೇ ಇರಲಿಲ್ಲ. ಇಷ್ಟು ವರ್ಷವೂ ಅವಳು ಒಂದು ಚೊಂಬಿಗೆ ಟವಲು ಸುತ್ತಿಟ್ಟು ಅದಕ್ಕೆ ಎಡೆ ಇಡುತ್ತಿದ್ದಳು. ಇದನ್ನೆಲ್ಲ ಅವಳು ತೆರೆಯಿಂದ ಕಣ್ಣು ಕೀಳದೆ ಹೇಳಿದಳು.

ಕುಸುಮಳ ಫೋನು ಹೊಡೆದುಕೊಂಡಿತು. ಮಂಡ್ಯದಿಂದ ದೀಪಿಕ.

"ಕುಸುಮಕ್ಕಾ, ಕಾವಲಿನ ಫೋಲ್ಡರ್ ಯಾರೋ ತೆಗೆದಿದ್ದಾರೆ. ಓಡಿ, ಕೇಬಲ್ ಕೀಳಿ."

"ನಾನೇ ಕಣಮ್ಮ ತೆಗ್ದಿದ್ದು."

"ನೀವೊಬ್ಬರೇನಾ?"

ಕುಸುಮ ಮುದುಕಿಯನ್ನು ನೋಡಿದಳು. "ಆಮೇಲ್ ಮಾಡ್ತೀನಿ" ಎಂದು ಫೋನಿಟ್ಟಳು.

"ಅಜ್ಜಿ, ಇದು ಯಾರೂ ಅಲ್ಲ. ನಾನೇ ಕೂಡ್ಸಿ ಮಾಡಿದ್ದು. ನೋಡಿ ಬೇಕಾದ್ರೆ." ಪದರಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಮೀಸೆ ಹೋಯಿತು. ಮೂಗು ಹೋಯಿತು. ಕಣ್ಣುಗಳಿಗೆ ಬರುವಷ್ಟರಲ್ಲಿ ಸಣ್ಣತಾಯಮ್ಮ ಅವಳ ಕೈ ಹಿಡಿದುಕೊಂಡಳು. ಹಿಡಿತ ಗಟ್ಟಿಯಾಗಿತ್ತು.

"ತೆಗೀಬ್ಯಾಡ. ಇದ್ದಂಗೇ ಇಡು."

ಕುಸುಮ ಎಲ್ಲವನ್ನೂ ಮತ್ತೆ ಇದ್ದಲ್ಲಿ ಇಟ್ಟಳು. ಮುದುಕಿ ಉಸಿರು ಬಿಟ್ಟಳು. "ನೀ ಮಾಡಿದ್ದು ಅಂತೀಯ. ಆಗ್ಲಿ. ನಂಗೂ ವಯಸ್ಸಾಯ್ತು, ಅವ್ನ ಮೊಕ ನಂಗೇ ಸರ್ಯಾಗಿ ಗ್ಯಾನ ಇರ್ಲಿಲ್ಲ. ಇದ ನೋಡ್ತಿದ್ದಂಗೆ ಗ್ಯಾನ ಬಂತು. ಒಂದ್ ಕಾಪಿ ಆಕ್ಕೊಡವ್ವ."

ಕುಸುಮ ಪ್ರಿಂಟು ಹಾಕಿಕೊಟ್ಟಳು. ಚೌಕಟ್ಟು ಬೇಡವೆಂದು ಮುದುಕಿ ಅದನ್ನು ಸೆರಗಿನೊಳಗೆ ಮುಖ ಒಳಮುಖವಾಗಿ ಸುತ್ತಿಕೊಂಡು, ಹಲಗೂರಿನ ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದಳು. ತಾನು ತೆಗೆಸಲು ಬಂದಿದ್ದ ಫೋಟೋ ಮರೆತಿದ್ದಳು.

ದೀಪಿಕಳಿಗೆ ಆಮೇಲೆ ಎಲ್ಲ ಹೇಳಿದಾಗ ಅವಳು, "ಈ ಕಡೆ ಜನರ ಮುಖಗಳಿಂದಲೇ ತಾನೇ ಮಾಡಿದ್ದು, ಹೋಲಿಕೆ ಬರೋದು ಸಹಜ" ಎಂದಳು. ಹೌದು ಎಂದಳು ಕುಸುಮ. ಹಲಗೂರಿನ ಫೋಲ್ಡರಿನಿಂದ ತಾನು ಒಂದು ಹುಬ್ಬನ್ನೂ ತೆಗೆದುಕೊಂಡಿರಲಿಲ್ಲ ಎಂಬುದನ್ನು ಹೇಳಲಿಲ್ಲ. ಆ ಮುಖವನ್ನು ಕಾವಲಿನಿಂದ ಬಿಡಿಸಿ, ಕೆಂಪಸಿದ್ದಯ್ಯ ಎಂದು ಹೆಸರು ಕೊಟ್ಟು, ಹಲಗೂರಿನ ಸತ್ತವರ ಜೊತೆ ಸೇರಿಸಿದಳು. ಇನ್ನುಳಿದ ನಾಲ್ಕೈದು ಮುಖಗಳನ್ನೂ ಅವತ್ತೇ ಅಳಿಸಿದಳು, ಹೊಸದಾಗಿ ಮಾಡಿದಳು.

ಈಗಲೂ ಲ್ಯಾಬಿನಲ್ಲಿ ಕಾವಲಿನ ಫೋಲ್ಡರು ಇದೆ. ಆಗಾಗ ಅದರಲ್ಲಿನ ಮುಖಗಳನ್ನು ಬದಲಾಯಿಸಬೇಕಾಗುತ್ತದೆ. ಹೊಸ ಮುಖ ಮಾಡಿದಾಗಲೆಲ್ಲ ಕುಸುಮ ಅದನ್ನು ಮೊದಲು ಸಣ್ಣದಾಗಿ ಪ್ರಿಂಟು ಹಾಕಿಕೊಳ್ಳುತ್ತಾಳೆ. ಗಂಡನಿಗೆ ತೋರಿಸುತ್ತಾಳೆ, ಕೆಳಗಿನ ಚಪ್ಪಲಿ ಅಂಗಡಿಯವನಿಗೆ ತೋರಿಸುತ್ತಾಳೆ, ಬಸ್ ನಿಲ್ದಾಣದಲ್ಲಿ ಹೂ ಮಾರುವ ಹೆಂಗಸರಿಗೆ ತೋರಿಸಿ, "ಇವ್ರು ಗೊತ್ತಾ?" ಎಂದು ಕೇಳುತ್ತಾಳೆ. ಗೊತ್ತಿಲ್ಲ ಎಂದರೆ ಲ್ಯಾಬಿಗೆ ತಂದು ಫೋಲ್ಡರಿಗೆ ಹಾಕುತ್ತಾಳೆ. ಒಮ್ಮೊಮ್ಮೆ ಯಾರಾದರೂ ಗೊತ್ತಿಲ್ಲ ಎನ್ನುವ ಮೊದಲು ಸ್ವಲ್ಪ ಹೆಚ್ಚೇ ಹೊತ್ತು ನೋಡುತ್ತಾರೆ. ಆ ಮುಖವನ್ನು ಅವಳು ಬಳಸುವುದಿಲ್ಲ.